ಮನೆಯೊಳಗಿನ ಆರ್ಕಿಡ್: ಹೂವಿಗೆ ಬೇಕಾದ ಬೆಳಕು

ಕುಂಡದಲ್ಲಿ ಬೆಳೆಸಿದ ಆರ್ಕಿಡ್ ವರ್ಷಗಟ್ಟಲೆ ಹೊಸ ಎಲೆ ಬಿಡುತ್ತ, ನೋಡಲು ಆರೋಗ್ಯವಾಗಿಯೇ ಇದ್ದು, ಹೂ ಮಾತ್ರ ಬಿಡದಿದ್ದರೆ ಅದಕ್ಕೆ ಬಹುಪಾಲು ಕಾರಣ ಬೆಳಕಿನ ಕೊರತೆ. ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ, ನೀರು ಕಡಿಮೆಯಾದರೆ ಎಲೆ ಸುಕ್ಕುಗಟ್ಟುತ್ತದೆ, ಗೊಬ್ಬರ ಅತಿಯಾದರೆ ಬೇರಿನ ತುದಿ ಸುಟ್ಟು ಕಪ್ಪಾಗುತ್ತದೆ. ಈ ತಪ್ಪುಗಳೆಲ್ಲ ಬೇಗ ಕಣ್ಣಿಗೆ ಬೀಳುತ್ತವೆ. ಬೆಳಕು ಸಾಲದಿದ್ದರೆ ಗಿಡ ಇನ್ನಷ್ಟು ಹಚ್ಚಹಸುರಾಗುವುದರಿಂದ ಮನೆಯವರಿಗೆ ಕೊರತೆಯ ಸುಳಿವೇ ಸಿಗುವುದಿಲ್ಲ. ಬೆಂಗಳೂರಿನ ಪಶ್ಚಿಮ ಭಾಗದ ಒತ್ತೊತ್ತಾದ ಮನೆಗಳಲ್ಲಿ, ವಿಶೇಷವಾಗಿ ವಿಜಯನಗರಕ್ಕೆ ಹೊಂದಿಕೊಂಡಿರುವ ಮಾರೇನಹಳ್ಳಿಯಂಥ ಬಡಾವಣೆಯಲ್ಲಿ, ಆರ್ಕಿಡ್‌ಗೆ ಬೇಕಾದ ಬೆಳಕನ್ನು ಒದಗಿಸುವ ಬಗೆಯನ್ನು ಈ ಲೇಖನ ವಿವರಿಸುತ್ತದೆ. ಜಯನಗರ ಮತ್ತು ಜೆ.ಪಿ. ನಗರದ ನಡುವೆಯೂ ಮಾರೇನಹಳ್ಳಿ ಎಂಬ ಹೆಸರಿನ ರಸ್ತೆಯಿದೆ. ಇಲ್ಲಿ ಹೇಳುತ್ತಿರುವುದು ಹೊಸಹಳ್ಳಿ, ಮೂಡಲಪಾಳ್ಯ, ಗೋವಿಂದರಾಜನಗರಗಳ ನೆರೆಯ ಮಾರೇನಹಳ್ಳಿ.

ಈ ಊರಿನ ಆಕಾಶದಲ್ಲಿ ಆರ್ಕಿಡ್‌ಗೆ ಬೇಕಾದುದಕ್ಕಿಂತ ಹೆಚ್ಚೇ ಬೆಳಕಿದೆ. ಅದು ಗಿಡದವರೆಗೆ ತಲುಪದಂತೆ ತಡೆಯುವುದು ಮನೆ.

ಬೆಳಕಿನ ಅಳತೆ

ಬೆಳಕಿನ ಪ್ರಮಾಣವನ್ನು ಸಾಮಾನ್ಯವಾಗಿ ಲಕ್ಸ್‌ಗಳಲ್ಲಿ ಅಳೆಯುತ್ತಾರೆ. ಆರ್ಕಿಡ್ ಕುರಿತ ಹಳೆಯ ಅಮೆರಿಕನ್ ಪುಸ್ತಕಗಳಲ್ಲಿ ಫುಟ್‌ಕ್ಯಾಂಡಲ್ ಎಂಬ ಮಾನ ಕಾಣುತ್ತದೆ. ಒಂದು ಫುಟ್‌ಕ್ಯಾಂಡಲ್ ಎಂದರೆ ಸುಮಾರು 10.8 ಲಕ್ಸ್. ಬೇಸಿಗೆಯ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಮಳೆಗಾಲದಲ್ಲಿ ದಟ್ಟ ಮೋಡ ಕವಿದಾಗಲೂ ತಾರಸಿಯ ಮೇಲೆ 10,000ದಿಂದ 20,000 ಲಕ್ಸ್ ಇರುತ್ತದೆ. ಅದೇ ಹೊತ್ತಿನಲ್ಲಿ ಟ್ಯೂಬ್‌ಲೈಟ್ ಹಾಕಿದ ನಡುಮನೆಯಲ್ಲಿ ಇರುವುದು 100ರಿಂದ 300 ಲಕ್ಸ್ ಅಷ್ಟೆ. ಮನುಷ್ಯನ ಕಣ್ಣು ಕತ್ತಲೆಗೂ ಬೆಳಕಿಗೂ ಬೇಗ ಹೊಂದಿಕೊಳ್ಳುವುದರಿಂದ ಇಷ್ಟು ದೊಡ್ಡ ಅಂತರ ನಮ್ಮ ಅರಿವಿಗೆ ಬರುವುದಿಲ್ಲ. ಪತ್ರಿಕೆ ಓದಲು ಧಾರಾಳವಾಗಿ ಸಾಕೆನಿಸುವ ಮೂಲೆ ಆರ್ಕಿಡ್ ಪಾಲಿಗೆ ಹೆಚ್ಚುಕಡಿಮೆ ಕತ್ತಲೆ.

ಬೆಳಕಿನ ತೀಕ್ಷ್ಣತೆಯ ಜೊತೆಗೆ ಅದು ಎಷ್ಟು ಹೊತ್ತು ಬೀಳುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗಿಡ ಇಡೀ ದಿನದ ಬೆಳಕನ್ನು ಕೂಡಿಸಿಕೊಂಡು ಆಹಾರ ತಯಾರಿಸುತ್ತದೆ. ಅರ್ಧ ಗಂಟೆ ಸುಡುಬಿಸಿಲು ಬಿದ್ದು ಉಳಿದ ದಿನವೆಲ್ಲ ಮಬ್ಬಾಗಿರುವ ಜಾಗಕ್ಕಿಂತ, ಎಂಟು ಗಂಟೆ ಒಂದೇ ಸಮ ಹದವಾದ ಬೆಳಕಿರುವ ಜಾಗ ಎಷ್ಟೋ ಮೇಲು. ಪ್ರತಿ ಜಾತಿಗೂ ಒಂದು ಮೇಲ್ಮಿತಿ ಇದ್ದು, ಅದನ್ನು ಮೀರಿದ ಬೆಳಕನ್ನು ಎಲೆ ಬಳಸಿಕೊಳ್ಳಲಾರದೆ ಬಿಸಿಯಾಗಿ ಸುಡುತ್ತದೆ.

ಲಕ್ಸ್ ಮೀಟರ್ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಮೊಬೈಲ್ ಆ್ಯಪ್‌ಗಳ ಅಂಕಿ ಫೋನಿನಿಂದ ಫೋನಿಗೆ ಬೇರೆಯಾಗುತ್ತದೆ. ಆದರೂ ಒಂದೇ ಮನೆಯ ಎರಡು ಕಿಟಕಿಗಳನ್ನು ಹೋಲಿಸಿ ನೋಡಲು ಅದು ಸಾಕು. ಯಾವ ಉಪಕರಣವೂ ಇಲ್ಲದಿದ್ದರೆ ಅಂಗೈಯ ನೆರಳು ಇದೆ. ಹಗಲು ಹನ್ನೊಂದು ಗಂಟೆಯ ಹೊತ್ತಿಗೆ ಗಿಡದ ಎಲೆಯಿಂದ ಒಂದಡಿ ಮೇಲೆ ಕೈ ಚಾಚಬೇಕು. ನೆರಳೇ ಬೀಳದಿದ್ದರೆ ಅಲ್ಲಿ ಯಾವ ಆರ್ಕಿಡ್ಡೂ ಹೂ ಬಿಡದು. ಅಂಚು ಮಸುಕಾದ, ಆದರೂ ಕೈಯ ಆಕಾರ ಗುರುತು ಸಿಗುವ ನೆರಳು ಫೆಲೆನಾಪ್ಸಿಸ್ ಎಂಬ ಬಗೆಯ ಆರ್ಕಿಡ್‌ಗೆ ಸರಿ. ಬೆರಳುಗಳು ಬಿಡಿಬಿಡಿಯಾಗಿ ಕಾಣುವಂಥ ನೆರಳು ಕ್ಯಾಟ್ಲಿಯಾ, ಡೆಂಡ್ರೋಬಿಯಂ ಬಗೆಗಳಿಗೆ ಬೇಕು.

ಮಾರೇನಹಳ್ಳಿಯ ಮೇಲಿನ ಸೂರ್ಯ

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನಿನ ಅತಿ ದೊಡ್ಡ ಹಗಲು 12 ಗಂಟೆ 50 ನಿಮಿಷದ ಆಸುಪಾಸು. ವರ್ಷವಿಡೀ ಹಗಲಿನ ಉದ್ದದಲ್ಲಿ ಆಗುವ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಲಂಡನ್ನಿನಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೂ ಇಳಿಯುತ್ತದೆ. ಅಲ್ಲಿನವರು ಬರೆದ ಪುಸ್ತಕಗಳು ಚಳಿಗಾಲದ ಬೆಳಕಿನ ಬರಗಾಲದ ಬಗ್ಗೆ ಕೊಡುವ ಎಚ್ಚರಿಕೆ ನಮಗೆ ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ಬೆಳಕು ತಗ್ಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ದಿನಗಳಲ್ಲಿ. ಡಿಸೆಂಬರ್, ಜನವರಿ ನಮ್ಮಲ್ಲಿ ತಿಳಿಬಿಸಿಲಿನ ತಿಂಗಳುಗಳು.

ಅದೇ ಪುಸ್ತಕಗಳ ಇನ್ನೊಂದು ಸಲಹೆಯೂ ಇಲ್ಲಿ ತಿರುವುಮುರುವಾಗುತ್ತದೆ. ದಕ್ಷಿಣದ ಕಿಟಕಿಗೆ ವರ್ಷಪೂರ್ತಿ ಬಿಸಿಲು, ಉತ್ತರದ ಕಿಟಕಿಗೆ ಎಂದೂ ಇಲ್ಲ ಎಂಬುದು ಯೂರೋಪು, ಉತ್ತರ ಅಮೆರಿಕಗಳ ಮಾತು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನಡುಹಗಲಿಗೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಕಂಬ ನೆಟ್ಟು ನೋಡುವುದು ಇದನ್ನೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಆಗ ಉತ್ತರದ ಕಿಟಕಿಗೆ ಬೆಳಗ್ಗೆ, ಸಂಜೆ ಓರೆಬಿಸಿಲು ಬೀಳುತ್ತದೆ. ದಕ್ಷಿಣದ ಕಿಟಕಿಗೆ ನೇರ ಬಿಸಿಲು ತಾಗುವುದೇ ಇಲ್ಲ. ಉಳಿದ ಎಂಟು ತಿಂಗಳು ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ.

ಇದಕ್ಕೆ ಕಿಟಕಿಯ ಮೇಲಿನ ಸಜ್ಜೆಯನ್ನು ಸೇರಿಸಿ ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. ಡಿಸೆಂಬರ್ 21ರ ನಡುಹಗಲು ಸೂರ್ಯನ ಎತ್ತರ ಸುಮಾರು 53 ಡಿಗ್ರಿ. ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜೆ ಇದ್ದರೆ ಆಗ ಅದರ ನೆರಳು ಕೆಳಕ್ಕೆ ಎರಡೂಮುಕ್ಕಾಲು ಅಡಿ ಮಾತ್ರ ಇಳಿಯುತ್ತದೆ. ನಾಲ್ಕಡಿ ಎತ್ತರದ ಕಿಟಕಿಯಾದರೆ ಕೆಳಗಿನ ಒಂದಡಿಗೂ ಮಿಕ್ಕಿ, ಅಂದರೆ ಕುಂಡ ಇಡುವ ಗ್ರಾನೈಟ್ ಹಲಗೆಯ ಮೇಲೆ, ಬಿಸಿಲು ನೇರವಾಗಿ ಬೀಳುತ್ತದೆ. ಮಾರ್ಚ್ ಕೊನೆಯ ಹೊತ್ತಿಗೆ ಸೂರ್ಯ 77 ಡಿಗ್ರಿಗೂ ಮೇಲೇರುತ್ತಾನೆ. ಅದೇ ಸಜ್ಜೆಯ ನೆರಳು ಎಂಟಡಿಗಿಂತ ಕೆಳಗಿಳಿದು ಇಡೀ ಕಿಟಕಿಯನ್ನು ಮುಚ್ಚುತ್ತದೆ. ತಂಪಿನ ತಿಂಗಳಲ್ಲಿ ಬಿಸಿಲು, ಸುಡುವ ತಿಂಗಳಲ್ಲಿ ನೆರಳು: ಎದುರು ಕಟ್ಟಡ ಅಡ್ಡ ಬರದ ದಕ್ಷಿಣದ ಕಿಟಕಿ ಇದ್ದವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿಲ್ಲ.

ಪೂರ್ವದ ಕಿಟಕಿ ವರ್ಷದ ಎಲ್ಲ ತಿಂಗಳಲ್ಲೂ ನಂಬಬಹುದಾದದ್ದು. ಬೆಳಗಿನ ಎರಡು ಮೂರು ಗಂಟೆಯ ಎಳೆಬಿಸಿಲು ಎಲೆಯನ್ನು ಸುಡದೆ ಬೇಕಾದಷ್ಟು ಬೆಳಕು ಕೊಡುತ್ತದೆ. ಪಶ್ಚಿಮದ ಕಿಟಕಿ ಫೆಬ್ರವರಿಯಿಂದ ಮೇವರೆಗೆ ಅಪಾಯದ್ದು. ಆಗ ಗಾಳಿಯೇ 33-34 ಡಿಗ್ರಿ ಇರುತ್ತದೆ, ಎದುರು ಗೋಡೆ ಕಾದಿರುತ್ತದೆ. ಮಧ್ಯಾಹ್ನ ಮೂರರ ಬಿಸಿಲು ಗಾಜಿನ ಹಿಂದಿನ ಎಲೆಯನ್ನು ಒಂದೇ ದಿನದಲ್ಲಿ ಸುಟ್ಟುಬಿಡಬಲ್ಲದು. ಬಿಳಿಯ ತೆಳು ಪರದೆ ಎಳೆದರೆ ಆ ಕಿಟಕಿಯೂ ಬಳಕೆಗೆ ಬರುತ್ತದೆ.

ಸಂದು, ಸಜ್ಜೆ, ಗಾಜು

ಮಾರೇನಹಳ್ಳಿ, ವಿಜಯನಗರ, ಮೂಡಲಪಾಳ್ಯಗಳ ಮನೆಗಳು ಹೆಚ್ಚಾಗಿ 20×30, 30×40 ಅಡಿಯ ಸೈಟುಗಳಲ್ಲಿವೆ. ಕೆಳಗೆ ಮಾಲೀಕರು, ಮೇಲಿನ ಎರಡು ಮೂರು ಮಹಡಿಗಳಲ್ಲಿ ಬಾಡಿಗೆದಾರರು. ಪಕ್ಕದ ಮನೆಗೂ ಈ ಮನೆಗೂ ನಡುವಿನ ಸಂದು ಎಷ್ಟೋ ಕಡೆ ಐದಾರು ಅಡಿ ಮೀರುವುದಿಲ್ಲ. ಎದುರಿನ ಗೋಡೆ 30 ಅಡಿ ಎದ್ದಿದ್ದರೆ, ಕೆಳಮಹಡಿಯ ಕಿಟಕಿಯಲ್ಲಿ ನಿಂತವರು ಆಕಾಶ ನೋಡಲು ತಲೆಯನ್ನು 80 ಡಿಗ್ರಿಯಷ್ಟು ಎತ್ತಬೇಕು. ಅಷ್ಟು ಎತ್ತಿದರೆ ಕಾಣುವುದು ತಮ್ಮದೇ ಸಜ್ಜೆಯ ತಳ. ಅಂಥ ಕಿಟಕಿ ಪೂರ್ವಕ್ಕಿದ್ದರೂ ದಕ್ಷಿಣಕ್ಕಿದ್ದರೂ ವ್ಯತ್ಯಾಸವಿಲ್ಲ. ಗಿಡ ಇಡುವ ಮುನ್ನ ದಿಕ್ಸೂಚಿ ನೋಡುವುದಕ್ಕಿಂತ, ಕುಂಡ ಇರುವ ಎತ್ತರಕ್ಕೆ ಕಣ್ಣನ್ನು ತಂದು ಅಲ್ಲಿಂದ ಆಕಾಶ ಎಷ್ಟು ಕಾಣುತ್ತದೆ ಎಂದು ನೋಡುವುದು ಹೆಚ್ಚು ಉಪಯುಕ್ತ. ಎಲೆಗೆ ಆಕಾಶ ಕಾಣದಿದ್ದರೆ ಹೂವಿನ ಆಸೆ ಬಿಡಬೇಕು, ಇಲ್ಲವೇ ದೀಪ ಹಾಕಬೇಕು.

ರಸ್ತೆ ಕಡೆಯ ಕಿಟಕಿ, ಬಾಲ್ಕನಿ ಮತ್ತು ಮೇಲಿನ ಮಹಡಿಗಳು ಈ ದೃಷ್ಟಿಯಿಂದ ಅನುಕೂಲ. 30 ಅಡಿಯ ರಸ್ತೆಯ ಎದುರು ಬದಿಯಲ್ಲಿ ಮೂರು ಮಹಡಿಯಿದ್ದರೂ, ಮೊದಲನೆ ಮಹಡಿಯ ಬಾಲ್ಕನಿಗೆ ಆಕಾಶದ ದೊಡ್ಡ ಪಾಲು ಕಾಣುತ್ತದೆ. ಎದುರು ಗೋಡೆಗೆ ಸುಣ್ಣದ ಬಿಳಿ ಅಥವಾ ತಿಳಿ ಬಣ್ಣ ಇದ್ದರೆ ಅದರಿಂದ ಚಿಮ್ಮುವ ಬೆಳಕೂ ಸೇರುತ್ತದೆ. ಬಣ್ಣ ಬಳಿಯದ ಸಿಮೆಂಟ್ ಗೋಡೆ ಬಹುಪಾಲನ್ನು ನುಂಗಿಬಿಡುತ್ತದೆ. ಕಿಟಕಿಯಿಂದ ಒಳಕ್ಕೆ ಸರಿದಷ್ಟೂ ಬೆಳಕು ಕುಸಿಯುವ ವೇಗ ಬೆರಗು ಹುಟ್ಟಿಸುವಂಥದು. ಎರಡು ಮೀಟರ್ ಒಳಗಿನ ಟೀಪಾಯಿಯ ಮೇಲೆ, ಕಿಟಕಿ ಹಲಗೆಯ ಮೇಲಿದ್ದ ಬೆಳಕಿನ ಹತ್ತನೆಯ ಒಂದು ಪಾಲೂ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಹೂ ಬಿಟ್ಟ ಗಿಡವನ್ನು ಸೋಫಾದ ಪಕ್ಕ ಇಡುವುದರಲ್ಲಿ ತಪ್ಪಿಲ್ಲ, ಅರಳಿದ ಹೂ ಅಲ್ಲಿ ವಾರಗಟ್ಟಲೆ ಬಾಳುತ್ತದೆ. ಹೂ ಉದುರಿದ ಮೇಲೂ ಅಲ್ಲೇ ಬಿಟ್ಟರೆ ಮುಂದಿನ ವರ್ಷದ ಹೂವಿಗೆ ಎರವಾಗುತ್ತದೆ.

ಗಾಜಿನ ಜಾತಿಯನ್ನೂ ಗಮನಿಸಬೇಕು. ಸಾದಾ ಗಾಜು ಹತ್ತರಲ್ಲಿ ಎಂಟು ಒಂಬತ್ತು ಪಾಲು ಬೆಳಕನ್ನು ಒಳಗೆ ಬಿಡುತ್ತದೆ. ಕಂದು, ನೀಲಿ ಛಾಯೆಯ ಗಾಜು, ಹೊರಗಿನಿಂದ ಕನ್ನಡಿಯಂತೆ ಹೊಳೆಯುವ ಗಾಜು ಅರ್ಧಕ್ಕಿಂತ ಹೆಚ್ಚು ತಡೆಯಬಹುದು. ಪಿನ್‌ಹೆಡ್ ಗಾಜು ಬೆಳಕನ್ನು ಚದುರಿಸುತ್ತದೆ. ಬಿಸಿಲು ಚುರುಕಾಗಿರುವ ಕಿಟಕಿಗೆ ಅದು ಒಳ್ಳೆಯದೇ. ಸೊಳ್ಳೆಜಾಲರಿ, ಗ್ರಿಲ್, ಅದರ ಮೇಲೆ ಕೂತ ರಸ್ತೆಯ ಧೂಳು ಇವೆಲ್ಲ ಒಂದಿಷ್ಟು ಒಂದಿಷ್ಟು ಕಸಿಯುತ್ತವೆ. ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯುವುದು, ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಖರ್ಚಿಲ್ಲದೆ ಬೆಳಕು ಹೆಚ್ಚಿಸುವ ಉಪಾಯ. ಬೋರ್‌ವೆಲ್ ನೀರು ಚಿಮುಕಿಸಿದ ಎಲೆಗಳ ಮೇಲೆ ಬಿಳಿಯ ಉಪ್ಪಿನ ಪೊರೆ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಆ ತೊಂದರೆ ಇಲ್ಲ.

ಯಾವ ಗಿಡಕ್ಕೆ ಎಷ್ಟು

ಬೆಂಗಳೂರಿನ ನರ್ಸರಿಗಳಲ್ಲಿ ಹೆಚ್ಚಾಗಿ ಕಾಣುವುದು ಫೆಲೆನಾಪ್ಸಿಸ್ ಮತ್ತು ಡೆಂಡ್ರೋಬಿಯಂ. ಫೆಲೆನಾಪ್ಸಿಸ್‌ಗೆ 10,000ದಿಂದ 15,000 ಲಕ್ಸ್ ಸಾಕು. ಪ್ಯಾಫಿಯೊಪೆಡಿಲಂಗಳಿಗೂ ಹೆಚ್ಚುಕಡಿಮೆ ಇಷ್ಟೇ. ಕ್ಯಾಟ್ಲಿಯಾ, ಆನ್ಸಿಡಿಯಂ, ಉದ್ದ ಕಡ್ಡಿಯ ಡೆಂಡ್ರೋಬಿಯಂಗಳಿಗೆ 20,000ದಿಂದ 30,000 ಲಕ್ಸ್ ಬೇಕು. ಇವನ್ನು ನಡುಮನೆಯ ಗಿಡ ಎಂದು ಮಾರುವುದು ಕೊಳ್ಳುವವರಿಗೂ ಗಿಡಕ್ಕೂ ಅನ್ಯಾಯ. ಡೆಂಡ್ರೋಬಿಯಂ ಕೊಂಡವರು ಬಾಲ್ಕನಿಯ ಅಂಚು ಅಥವಾ ಶೇ. 50ರ ಶೇಡ್ ನೆಟ್ ಕಟ್ಟಿದ ತಾರಸಿಯನ್ನು ಅದಕ್ಕೆ ಬಿಟ್ಟುಕೊಡಬೇಕು. ವ್ಯಾಂಡಾ 30,000ಕ್ಕಿಂತಲೂ ಹೆಚ್ಚು ಬೇಡುವ ಗಿಡ, ಬೇರುಗಳನ್ನು ಗಾಳಿಗೆ ಇಳಿಬಿಟ್ಟು ಬೆಳೆಯುತ್ತದೆ. ಮನೆಯೊಳಗೆ ಅದನ್ನು ಹೂ ಬಿಡಿಸುವ ಪ್ರಯತ್ನ ಮಾಡದಿರುವುದೇ ಲೇಸು.

ಮಲೆನಾಡಿನವರಿಗೆ ಪರಿಚಿತವಾದ ಸೀತಾಳೆದಂಡೆ, ಅಂದರೆ ರಿಂಕೊಸ್ಟೈಲಿಸ್ ರೆಟ್ಯೂಸಾ, ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪವೂ ಹೌದು. ಮರದ ತೊಗಟೆಗೆ ಬೇರು ಅಂಟಿಸಿಕೊಂಡರೂ ಇದು ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಎತ್ತರದ ಕೊಂಬೆ ಅದಕ್ಕೆ ಬೇಕಾದದ್ದು ಬೆಳಕಿಗಾಗಿ. ಎಲೆ ಉದುರುವ ಮರಗಳ ಮೇಲಿದ್ದಾಗ ಬೇಸಿಗೆಯುದ್ದಕ್ಕೂ ಬೆಳಕು ಕುಡಿದು, ಮುಂಗಾರಿನ ಹೊತ್ತಿಗೆ ನರಿಬಾಲದಂಥ ಗೊಂಚಲು ಬಿಡುತ್ತದೆ. ಊರಿಂದ ತಂದ ಸೀತಾಳೆದಂಡೆ ಬೆಂಗಳೂರಿನ ಮನೆಯೊಳಗೆ ಹೂ ಬಿಡದೆ ಹೋಗುವುದಕ್ಕೆ ಈ ಬೆಳಕು ತಪ್ಪುವುದೇ ಕಾರಣ.

ಫೆಲೆನಾಪ್ಸಿಸ್ ಕುಲಕ್ಕೆ 1825ರಲ್ಲಿ ಹೆಸರಿಟ್ಟವನು ಡಚ್ ಈಸ್ಟ್ ಇಂಡೀಸ್‌ನಲ್ಲಿ ಕೆಲಸ ಮಾಡಿದ ಸಸ್ಯವಿಜ್ಞಾನಿ ಕಾರ್ಲ್ ಲುಡ್ವಿಗ್ ಬ್ಲೂಮ್. ಅಂಗಡಿಯಲ್ಲಿ ಸಿಗುವ ಅಗಲ ಹೂವಿನ ತಳಿಗಳೆಲ್ಲ ಆಗ್ನೇಯ ಏಷ್ಯಾದ ಕಾಡುಜಾತಿಗಳ ಸಂಕರ. ಆದರೆ ಈ ಕುಲ ನಮಗೆ ಪರಕೀಯವಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಸ್ಯವಿಜ್ಞಾನಿ, ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ್ಹಾ 1974ರಲ್ಲಿ ಫೆಲೆನಾಪ್ಸಿಸ್ ಮೈಸೊರೆನ್ಸಿಸ್ ಎಂಬ ಪುಟ್ಟ ಹೂವಿನ ಜಾತಿಯನ್ನು ವಿವರಿಸಿದರು. ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ದೊಡ್ಡ ಗ್ರಂಥವನ್ನು ಡ್ಯಾನ್ ನಿಕೋಲ್ಸನ್ ಜೊತೆ ಸಂಪಾದಿಸಿದವರೂ ಅವರೇ. ಅದು ಪ್ರಕಟವಾದದ್ದು 1976ರಲ್ಲಿ. ಪಶ್ಚಿಮಘಟ್ಟದ ನೆರಳುಗಾಡಿನಲ್ಲಿ, ಎಲೆಗಳ ನಡುವಿನಿಂದ ಸೋಸಿ ಬರುವ ಬೆಳಕಿನಲ್ಲಿ ಬೆಳೆಯುವ ಈ ಗಿಡವನ್ನು ನೆನೆದರೆ ಫೆಲೆನಾಪ್ಸಿಸ್‌ನ ಸ್ವಭಾವ ತಾನಾಗಿ ಅರ್ಥವಾಗುತ್ತದೆ: ಸುಡುಬಿಸಿಲು ಬೇಡ, ತೆರೆದ ಆಕಾಶ ಬೇಕು.

ಬೆಳಕಿನ ಜೊತೆಗೆ ಚಳಿ

ಫೆಲೆನಾಪ್ಸಿಸ್ ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮರುದಿನ ಬೆಳಕು ಬಿದ್ದಾಗ ಅದರಿಂದ ಸಕ್ಕರೆ ತಯಾರಿಸುತ್ತದೆ. ದಪ್ಪ ಎಲೆಯ ಅನೇಕ ಆರ್ಕಿಡ್‌ಗಳ ರೀತಿ ಇದೇ. ತೋಯ್ದಾಗ ಹಸಿರಾಗುವ ಅದರ ಬೇರುಗಳೂ ಸ್ವಲ್ಪಮಟ್ಟಿಗೆ ಬೆಳಕನ್ನು ಬಳಸಿಕೊಳ್ಳುತ್ತವೆ, ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಅವನ್ನು ಮಾರುವುದಕ್ಕೆ ಇದೂ ಒಂದು ಕಾರಣ.

ಹೂದಂಟು ಹುಟ್ಟಲು ಈ ಗಿಡಕ್ಕೆ ತಂಪು ಬೇಕು. ಉಷ್ಣತೆ ಸುಮಾರು 28 ಡಿಗ್ರಿಗಿಂತ ಮೇಲಿದ್ದರೆ ಅದು ಎಲೆ ಬಿಡುತ್ತಲೇ ಇರುತ್ತದೆ. ಕೆಲವು ವಾರ 25ಕ್ಕಿಂತ ಕೆಳಗಿಳಿದರೆ ಹೂವಿನ ಕಡೆಗೆ ತಿರುಗುತ್ತದೆ. ಬೆಂಗಳೂರಿನಲ್ಲಿ ನವೆಂಬರ್‌ನಿಂದ ಜನವರಿವರೆಗೆ ರಾತ್ರಿ 16-17 ಡಿಗ್ರಿ, ಹಗಲು 27ರ ಆಸುಪಾಸು. ತೈವಾನಿನ ದೊಡ್ಡ ಬೆಳೆಗಾರರು ಬೇಸಿಗೆಯಲ್ಲಿ ಹೂ ಬರಿಸಲು ಹಣ ಸುರಿದು ಗಾಜಿನಮನೆ ತಂಪು ಮಾಡುತ್ತಾರೆ. ಮಾರೇನಹಳ್ಳಿಯಲ್ಲಿ ಆ ಕೆಲಸವನ್ನು ಕಾರ್ತಿಕ, ಮಾರ್ಗಶಿರಗಳ ಚಳಿಯೇ ಮಾಡಿಕೊಡುತ್ತದೆ. ಮಂಗಳೂರಿನಲ್ಲಿ ಜನವರಿಯ ಹಗಲೂ 32-33 ಡಿಗ್ರಿ ಇರುವುದರಿಂದ, ಇಲ್ಲಿ ಸುಲಭವಾಗಿ ಹೂ ಬಿಡುವ ಗಿಡ ಅಲ್ಲಿ ಸತಾಯಿಸುತ್ತದೆ. ಬೆಂಗಳೂರಿನಲ್ಲೂ ತಾರಸಿಯ ಕೆಳಗಿನ ಮಹಡಿಗಳ ಆರ್‌ಸಿಸಿ ಚಾವಣಿ ಹಗಲಿನ ಕಾವನ್ನು ರಾತ್ರಿವರೆಗೂ ಹಿಡಿದಿಡುತ್ತದೆ. ನವೆಂಬರ್ ಬಂದೊಡನೆ ಜಾಲರಿ ಮುಚ್ಚಿ ಕಿಟಕಿಯನ್ನು ರಾತ್ರಿ ತೆರೆದಿಟ್ಟರೆ ಸಾಕು.

ಚಳಿ ಇದ್ದು ಬೆಳಕಿಲ್ಲದಿದ್ದರೆ ಮಾತ್ರ ಪ್ರಯೋಜನವಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಯಿನ್-ತುಂಗ್ ವಾಂಗ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ತಂಪಿನ ಹೊತ್ತಿನಲ್ಲಿ ತೀರಾ ನೆರಳಿನಲ್ಲಿಟ್ಟ ಫೆಲೆನಾಪ್ಸಿಸ್ ಗಿಡಗಳು ಹೂದಂಟು ಹಾಕುವುದನ್ನೇ ಮುಂದಕ್ಕೆ ತಳ್ಳಿದವು. ಆದ್ದರಿಂದ ಮನೆಯ ಅತ್ಯುತ್ತಮ ಕಿಟಕಿಯನ್ನು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಈ ಗಿಡಕ್ಕೆ ಮೀಸಲಿಡಬೇಕು. ಮಳೆಗಾಲದ ಮೋಡದ ತಿಂಗಳುಗಳಲ್ಲೂ ಗಿಡ ಅಲ್ಲೇ ಇದ್ದರೆ ಆಹಾರ ಕೂಡಿಟ್ಟುಕೊಳ್ಳಲು ಇನ್ನೂ ಒಳ್ಳೆಯದು.

ಹೂದಂಟು ಮೇಲಿನಿಂದ ಎರಡನೆಯ ಅಥವಾ ಮೂರನೆಯ ಎಲೆಯ ಬುಡದಿಂದ ಹೊರಡುತ್ತದೆ. ಹೊಸಬರು ಅದನ್ನು ಬೇರೆಂದು ತಿಳಿಯುವುದುಂಟು. ಬೇರಿನ ತುದಿ ದುಂಡಗೆ, ನುಣುಪಾಗಿ, ಹೊಳೆಯುವ ಹಸಿರು ಅಥವಾ ಕೆಂಗಂದು ಬಣ್ಣಕ್ಕಿದ್ದು, ಹಿಂದೆ ಬೂದುಬಿಳಿ ಹೊದಿಕೆ ಎದ್ದು ಕಾಣುತ್ತದೆ. ಹೂದಂಟಿನ ತುದಿ ಚಪ್ಪಟೆ. ಒಂದು ಬದಿಯಲ್ಲಿ ಪುಟ್ಟ ಮಡಿಕೆ ಇರುತ್ತದೆ, ಮೈಯೆಲ್ಲ ಹಸಿರು, ಬೂದು ಹೊದಿಕೆ ಇಲ್ಲ. ಕಾಣಿಸಿಕೊಂಡ ದಿನದಿಂದ ಮೊದಲ ಹೂ ಅರಳಲು ಎರಡೂವರೆ ಮೂರು ತಿಂಗಳು ಹಿಡಿಯುತ್ತದೆ. ಅಷ್ಟು ದಿನ ಕುಂಡವನ್ನು ತಿರುಗಿಸಬಾರದು. ದಂಟು ಬೆಳಕಿನ ಕಡೆಗೇ ಬಾಗುತ್ತ ಬೆಳೆಯುವುದರಿಂದ, ದಿಕ್ಕು ಬದಲಾದಾಗಲೆಲ್ಲ ತಿರುಚಿಕೊಂಡು ಹೂಗಳು ಅಡ್ಡಾದಿಡ್ಡಿಯಾಗುತ್ತವೆ.

ಮೊಗ್ಗು ಉದುರಿದರೆ ಬೆಳಕನ್ನಷ್ಟೇ ದೂರಬೇಕಿಲ್ಲ. ಮಾಗಿದ ಬಾಳೆಹಣ್ಣು, ಊದುಬತ್ತಿಯ ಹೊಗೆ ಇವುಗಳಿಂದ ಹೊಮ್ಮುವ ಎಥಿಲೀನ್ ಅನಿಲ ಮೊಗ್ಗನ್ನು ಹಳದಿಯಾಗಿಸಿ ಉದುರಿಸಬಲ್ಲದು. ದೇವರಮನೆಯ ಪಕ್ಕದ ಕಿಟಕಿ ಎಷ್ಟೇ ಬೆಳಕಾಗಿದ್ದರೂ ಮೊಗ್ಗಿರುವ ಗಿಡಕ್ಕೆ ತಕ್ಕುದಲ್ಲ.

ಕ್ಯಾಟ್ಲಿಯಾಗಳಲ್ಲಿ ಕೆಲವು ಜಾತಿಗಳಿಗೆ ರಾತ್ರಿಯ ಉದ್ದವೂ ಮುಖ್ಯ. ಕ್ಯಾಟ್ಲಿಯಾ ಲೇಬಿಯೇಟಾದಂಥವು ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುತ್ತವೆ. ರಾತ್ರಿ ಹನ್ನೊಂದರವರೆಗೆ ದೀಪ ಉರಿಯುವ ಕೋಣೆಯಲ್ಲಿ ಅಥವಾ ಬೀದಿದೀಪ ನೇರ ಬೀಳುವ ಬಾಲ್ಕನಿಯಲ್ಲಿ ಅವು ಗೊಂದಲಕ್ಕೊಳಗಾಗುತ್ತವೆ. ಫೆಲೆನಾಪ್ಸಿಸ್‌ಗೆ ಈ ತಕರಾರು ಅಷ್ಟಾಗಿ ಇಲ್ಲ.

ಎಲೆ ಹೇಳುವ ಲಕ್ಷಣ

ಬೆಳಕು ಹದವಾಗಿದ್ದರೆ ಆರ್ಕಿಡ್ ಎಲೆ ತಿಳಿಹಸಿರು, ಸ್ವಲ್ಪ ಹಳದಿ ಬೆರೆತಂತೆ. ಗಾಢ ಹಸಿರು ಎಲೆ ನೋಡಲು ಚೆನ್ನ, ಆದರೆ ಅದು ಕಡಿಮೆ ಬೆಳಕಿನ ಗುರುತು. ಹೊಸ ಎಲೆ ಹಳೆಯದಕ್ಕಿಂತ ಉದ್ದವಾಗಿ, ತೆಳುವಾಗಿ, ಜೋತುಬಿದ್ದು ಬಂದರೆ ಕೊರತೆ ಖಚಿತ. ಡೆಂಡ್ರೋಬಿಯಂನ ಹೊಸ ಕಡ್ಡಿ ಹಳೆಯ ಕಡ್ಡಿಗಿಂತ ಸಣ್ಣಗಾಗಿ ಒಂದೆಡೆಗೆ ವಾಲಿದರೂ ಅದೇ ಅರ್ಥ. ಎಲೆಯಂಚಿನಲ್ಲಿ ಕೆನ್ನೇರಳೆ ಛಾಯೆ ಮೂಡಿದರೆ ಬೆಳಕು ಮೇಲ್ಮಿತಿಗೆ ಹತ್ತಿರವಾಗಿದೆ ಎಂದು ತಿಳಿಯಬೇಕು. ಎಲೆಯ ನಡುವೆ ಬಿಳಿಚಿ, ಆಮೇಲೆ ಒಣಗಿ ಕಂದಾಗುವ ಮಚ್ಚೆ ಬಿಸಿಲ ಸುಡುಗಾಯ. ಅದು ವಾಸಿಯಾಗದು, ಹರಡುವುದೂ ಇಲ್ಲ, ಎಲೆ ಕೀಳಬೇಕಾಗಿಲ್ಲ. ಮಧ್ಯಾಹ್ನ ಎಲೆಯನ್ನು ಮುಟ್ಟಿ ನೋಡಿದಾಗ ಸುತ್ತಲಿನ ಗಾಳಿಗಿಂತ ಬಿಸಿ ಎನಿಸಿದರೆ ಕುಂಡವನ್ನು ಒಂದಡಿ ಹಿಂದಕ್ಕೆ ಸರಿಸಬೇಕು.

ನೆರಳಿನಲ್ಲಿ ಬೆಳೆದ ಗಿಡವನ್ನು ಒಮ್ಮೆಗೇ ಬಿಸಿಲಿಗೆ ತಂದರೆ ಅದು ಸುಡುತ್ತದೆ, ಜಾತಿ ಯಾವುದೇ ಇರಲಿ. ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಕಿಟಕಿಯತ್ತ ತರಬೇಕು. ಬೆಳಕು ಹೆಚ್ಚಿಸಿದಾಗ ನೀರು, ಗೊಬ್ಬರಗಳನ್ನೂ ತಕ್ಕಮಟ್ಟಿಗೆ ಹೆಚ್ಚಿಸಬೇಕು. ಕತ್ತಲ ಮೂಲೆಯ ಗಿಡಕ್ಕೆ ಕಿಟಕಿಯ ಗಿಡದಷ್ಟೇ ನೀರು ಹಾಕುವುದರಿಂದ ಬೇರು ಕೊಳೆತು ಸಾಯುವ ಆರ್ಕಿಡ್‌ಗಳು ಬಹಳ.

ದೀಪದ ಬೆಳಕು

ಸಂದಿನ ಕಡೆಯ ಕಿಟಕಿಗಳಷ್ಟೇ ಇರುವ ಕೆಳಮನೆಯವರಿಗೆ ಎಲ್‌ಇಡಿ ದೀಪ ನಿಜವಾದ ಪರಿಹಾರ. ನೇರಳೆ ಬಣ್ಣದ ವಿಶೇಷ ದೀಪಗಳೇ ಆಗಬೇಕೆಂದಿಲ್ಲ. ಬಡಾವಣೆಯ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕಡಿಯ, 20 ವ್ಯಾಟ್‌ನ ಬಿಳಿ ಬ್ಯಾಟನ್ ಟ್ಯೂಬ್ ಸುಮಾರು 2,000 ಲ್ಯೂಮೆನ್ ಬೆಳಕು ಕೊಡುತ್ತದೆ. ಅಂಥ ಎರಡನ್ನು ಅಕ್ಕಪಕ್ಕ ಕಟ್ಟಿ ಎಲೆಗಳಿಂದ ಹತ್ತಿಂಚು ಮೇಲೆ ತೂಗಿಸಿದರೆ ನಟ್ಟನಡುವೆ 5,000ದಿಂದ 6,000 ಲಕ್ಸ್ ಸಿಗುತ್ತದೆ. ಇದನ್ನು ದಿನಕ್ಕೆ 12 ಗಂಟೆ ಉರಿಸಿದರೆ ಫೆಲೆನಾಪ್ಸಿಸ್ ಹೂ ಬಿಡಲು ಬೇಕಾದ ಕನಿಷ್ಠ ಮೊತ್ತಕ್ಕೆ ಹತ್ತಿರ ಬರುತ್ತದೆ. ಕಿಟಕಿಯ ಮಂದ ಬೆಳಕೂ ಸೇರಿದರೆ ಸಾಕಾಗುತ್ತದೆ. ತಿಂಗಳಿಗೆ ಖರ್ಚಾಗುವುದು 14-15 ಯೂನಿಟ್ ವಿದ್ಯುತ್. ಅಗ್ಗದ ಟೈಮರ್ ಒಂದನ್ನು ಜೋಡಿಸಿ ಬೆಳಗ್ಗೆ ಆರಕ್ಕೆ ಹೊತ್ತಿ ಸಂಜೆ ಆರಕ್ಕೆ ಆರುವಂತೆ ಮಾಡಿದರೆ ರಾತ್ರಿಯ ಕತ್ತಲೆಗೂ ಭಂಗವಿಲ್ಲ.

ದೂರದ ವಿಷಯದಲ್ಲಿ ಎಚ್ಚರ ಬೇಕು. ಬಲ್ಬಿನಿಂದ ಗಿಡದ ದೂರವನ್ನು ಇಮ್ಮಡಿಸಿದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಉದ್ದನೆಯ ಟ್ಯೂಬಿನ ಹತ್ತಿರವಾದರೆ ಸುಮಾರು ಅರ್ಧಕ್ಕೆ. ಚಾವಣಿಯ ದೀಪ ಎಂಟಡಿ ದೂರದಿಂದ ಏನೂ ಮಾಡಲಾರದು. ಟ್ಯೂಬಿನ ತುದಿಗಳಲ್ಲಿ ಬೆಳಕು ಕಡಿಮೆ, ಹೂ ಬಿಡಿಸಬೇಕಾದ ಗಿಡ ನಡುವೆ ಇರಲಿ.

ಕ್ಯಾಟ್ಲಿಯಾ, ಡೆಂಡ್ರೋಬಿಯಂಗಳಿಗೆ ಇಷ್ಟು ದೀಪ ಸಾಲದು.

ಮನೆಗೆ ಬಂದ ಬಗೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಆರ್ಕಿಡ್ ಶ್ರೀಮಂತರ ಗಾಜಿನಮನೆಗಳ ಗಿಡವಾಗಿತ್ತು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ನೆರವಿಲ್ಲದೆ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಆರ್ಕಿಡ್ ಬೀಜ ಮೊಳೆಸುವ ವಿಧಾನವನ್ನು ಪ್ರಕಟಿಸಿದ. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಅಂಗಾಂಶ ಕೃಷಿಯಿಂದ ಒಂದೇ ತಳಿಯ ಸಾವಿರಾರು ಗಿಡ ಪಡೆಯುವ ದಾರಿ ತೋರಿಸಿದ. ಬಾಡಿಗೆಮನೆಯ ಕಿಟಕಿಗೂ ಆರ್ಕಿಡ್ ಬಂದದ್ದು ಇವೆರಡರ ಫಲವಾಗಿ. ಭಾರತದಲ್ಲಿ ಆರ್ಕಿಡ್ ಸಂಶೋಧನೆಗೆಂದೇ ಸಿಕ್ಕಿಂನ ಪಾಕ್ಯೋಂಗ್‌ನಲ್ಲಿ 1996ರಲ್ಲಿ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಬೆಂಗಳೂರಿನಲ್ಲಿ ಟಾಸ್ಕರ್ ಎಂದು ಹೆಸರಾದ ಕರ್ನಾಟಕ ಆರ್ಕಿಡ್ ಸೊಸೈಟಿ ಪ್ರದರ್ಶನಗಳನ್ನು ನಡೆಸುತ್ತದೆ. ಜನವರಿ, ಆಗಸ್ಟ್ ತಿಂಗಳ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲೂ ಆರ್ಕಿಡ್ ನೋಡಲು ಸಿಗುತ್ತದೆ. ಹೂವಿನ ಬಣ್ಣಕ್ಕೆ ಮನಸೋಲುವ ಜೊತೆಗೆ ಎಲೆಯ ಬಣ್ಣವನ್ನೂ ಗಮನಿಸಿದರೆ, ಒಳ್ಳೆಯ ಬೆಳಕಿನಲ್ಲಿ ಬೆಳೆದ ಗಿಡ ಹೇಗಿರುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಎಲ್ಲ ಆರ್ಕಿಡ್‌ಗಳೂ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ವ್ಯಾಪ್ತಿಯಲ್ಲಿವೆ. ನೀಲಿ ವ್ಯಾಂಡಾ, ಕೆಂಪು ವ್ಯಾಂಡಾ, ಪ್ಯಾಫಿಯೊಪೆಡಿಲಂಗಳಿಗೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಸಕಲೇಶಪುರ, ಕೊಡಗು, ಶಿರಸಿಗಳ ಕಡೆಯಿಂದ ಮರದ ಕೊಂಬೆ ಸಮೇತ ಕಿತ್ತು ತಂದ ಗಿಡಗಳನ್ನು ದಯವಿಟ್ಟು ಕೊಳ್ಳಬೇಡಿ, ಊರಿಗೆ ಹೋದಾಗ ಕಿತ್ತು ತರಲೂಬೇಡಿ. ಕಾಡಿನ ಬೆಳಕನ್ನು ಸಂದಿನ ಮನೆಯಲ್ಲಿ ಅವಕ್ಕೆ ಕೊಡಲಾಗುವುದಿಲ್ಲ. ಮಾರೇನಹಳ್ಳಿಯಂಥ ಬಡಾವಣೆಯಲ್ಲಿ ಮೊದಲ ಸಲ ಆರ್ಕಿಡ್ ಬೆಳೆಸುವವರು ನರ್ಸರಿಯಲ್ಲಿ ಬೆಳೆದ ಫೆಲೆನಾಪ್ಸಿಸ್ ಒಂದನ್ನು ಅಕ್ಟೋಬರ್ ಒಳಗೆ ಪೂರ್ವದ ಅಥವಾ ದಕ್ಷಿಣದ, ಆಕಾಶ ಕಾಣುವ ಕಿಟಕಿಯಲ್ಲಿಟ್ಟು ಆರಂಭಿಸಿ.